ಒನೈಡಾ ಮಕ್ಕಳು ಮತ್ತು ಮಿಷನರಿ ಶಾಲೆ: ಕಳಿಸಿದವರು ಯಾರು, ಕರೆಸಿಕೊಂಡವರು ಯಾರು?

ಓದುಗರ ಪ್ರಶ್ನೆ: “ನಾವು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಹತ್ತಿರ ಹದಿನೈದು ವರ್ಷಗಳಿಂದ ನೆಲೆಸಿದ್ದೇವೆ. ಏಳನೇ ತರಗತಿಯಲ್ಲಿರುವ ಮಗಳಿಗೆ, ಈ ಭಾಗದ ಮೂಲನಿವಾಸಿಗಳಾದ ಒನೈಡಾ ಜನರ ನಡುವೆ ವಸಾಹತು ಕಾಲದಲ್ಲಿ ನಡೆದ ಮಿಷನರಿ ಶಾಲೆಗಳ ಬಗ್ಗೆ ಪ್ರಬಂಧ ಬರೆಯಲು ಹೇಳಿದ್ದಾರೆ. ಅವಳು ಓದಿ ಬಂದು ಹೇಳುವುದು ದಿನಕ್ಕೊಂದು ಬಗೆ. ಪಾದ್ರಿಗಳು ಮಕ್ಕಳನ್ನು ತಾಯಂದಿರ ಕೈಯಿಂದ ಕಿತ್ತುಕೊಂಡು ಹೋಗಿ ಕೂದಲು ಕತ್ತರಿಸಿದರು ಎಂದು ಒಂದು ದಿನ. ಆ ಜನರಿಗೆ ಅಕ್ಷರ ಕೊಟ್ಟದ್ದೇ ಪಾದ್ರಿಗಳು ಎಂದು ಮರುದಿನ. ‘ನಿಮ್ಮ ಹುಡುಗರನ್ನು ನಮ್ಮ ಬಳಿ ಕಳಿಸಿ, ನಾವು ಅವರನ್ನು ಗಂಡಸರನ್ನಾಗಿ ಮಾಡುತ್ತೇವೆ’ ಎಂದು ಅವರ ಮುಖಂಡನೊಬ್ಬ ಬಿಳಿಯರಿಗೆ ಹೇಳಿದನೆಂಬ ಮಾತನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿಕೊಂಡಿದ್ದಾಳೆ. ನನ್ನ ಅಜ್ಜ ಓದಿದ್ದು ಧಾರವಾಡದ ಬಾಸೆಲ್ ಮಿಷನ್ ಶಾಲೆಯಲ್ಲಿ. ನಮ್ಮ ಮನೆಯಲ್ಲಿ ಪಾದ್ರಿಗಳ ಶಾಲೆ ಎಂದರೆ ಗೌರವ. ಈಗ ಮಗಳ ಮುಂದೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ನಿಜವಾಗಿ ನಡೆದದ್ದೇನು? ಅವಳು ಯಾರ ಮಾತನ್ನು ನಂಬಿ ಬರೆಯಬೇಕು? ಅಜ್ಜನ ಶಾಲೆಯ ಮಾತನ್ನು ಅದರಲ್ಲಿ ತರಬಹುದೇ?”

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಅಳುಕುಗಳಿವೆ. ಅಜ್ಜನಿಗೆ ಬದುಕು ಕೊಟ್ಟ ಶಾಲೆಯನ್ನು ಅನ್ಯಾಯವಾಗಿ ಹಳಿದಂತಾದೀತೇ ಎಂಬುದು ಒಂದು. ನೀವು ಇಂದು ಮನೆ ಮಾಡಿಕೊಂಡಿರುವ ಸೀಮೆಯ ಮೂಲ ಜನರ ನೋವನ್ನು ಮುಚ್ಚಿಟ್ಟಂತಾದೀತೇ ಎಂಬುದು ಇನ್ನೊಂದು. ಎರಡೂ ಪ್ರಾಮಾಣಿಕವಾದ ಅಳುಕುಗಳೇ. ನಿಮ್ಮ ಮಗಳು ಓದಿದ ಕಥೆಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಆದರೆ ಅವು ಬೇರೆಬೇರೆ ಕಾಲದವು, ಬೇರೆಬೇರೆ ಬಾಯಿಂದ ಬಂದವು, ಒಂದೇ ಚೀಲದಲ್ಲಿ ಬಿದ್ದು ಕಲೆತುಹೋಗಿವೆ. ವಸಾಹತು ಕಾಲದ ಮಿಷನ್ ಪತ್ರಗಳನ್ನು ಓದುವುದೇ ನನ್ನ ಕೆಲಸವಾದ್ದರಿಂದ, ಈ ಬೆರಕೆಯನ್ನು ನಾನು ವಿದ್ಯಾರ್ಥಿಗಳ ಬರಹಗಳಲ್ಲಿ ಪ್ರತಿವರ್ಷವೂ ಕಾಣುತ್ತೇನೆ.

ಮೊದಲು ಕಿತ್ತುಕೊಂಡು ಹೋದ ಮಾತು. ಸರ್ಕಾರವೇ ನಿಂತು ಮಕ್ಕಳನ್ನು ದೂರದ ವಸತಿ ಶಾಲೆಗೆ ಸಾಗಿಸಿ, ಕೂದಲು ಕತ್ತರಿಸಿ, ಸಮವಸ್ತ್ರ ತೊಡಿಸಿ, ತಾಯ್ನುಡಿ ಆಡಿದರೆ ಶಿಕ್ಷಿಸಿದ್ದು ನಿಜ. ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ 1879ರಲ್ಲಿ ಆರಂಭವಾದ ಶಾಲೆ ಆ ಪದ್ಧತಿಯ ಮಾದರಿ, ಮತ್ತು ಅಲ್ಲಿಗೆ ಹೋದವರಲ್ಲಿ ಒನೈಡಾ ಮಕ್ಕಳೂ ಬಹಳ ಮಂದಿ ಇದ್ದರು. ಆದರೆ ನಿಮ್ಮ ಮಗಳ ವಿಷಯ ಅದಕ್ಕಿಂತ ನೂರು ವರ್ಷಕ್ಕೂ ಹಿಂದಿನದು. 1760ರ ದಶಕದಲ್ಲಿ ಒನೈಡಾ ಊರಿನಿಂದ ಒಂದು ಮಗುವನ್ನು ಬಲವಂತವಾಗಿ ಎತ್ತಿಕೊಂಡು ಹೋಗುವ ಶಕ್ತಿ ಯಾವ ಪಾದ್ರಿಗೂ, ಯಾವ ಗವರ್ನರನಿಗೂ ಇರಲಿಲ್ಲ. ಮೊಹಾಕ್, ಒನೈಡಾ, ಒನೊಂಡಾಗ, ಕಯುಗಾ, ಸೆನೆಕಾ ಎಂಬ ಐದು ಜನಾಂಗಗಳೂ, 18ನೇ ಶತಮಾನದ ಮೊದಲ ಭಾಗದಲ್ಲಿ ಬಂದು ಸೇರಿದ ಟಸ್ಕರೋರಾಗಳೂ ಕೂಡಿದ ಹೊಡೆನೊಶೋನಿ ಒಕ್ಕೂಟ ಆಗ ಇಂಗ್ಲಿಷರೂ ಫ್ರೆಂಚರೂ ಓಲೈಸಲೇಬೇಕಾಗಿದ್ದ ಬಲ. ಇಂಗ್ಲಿಷ್ ಪುಸ್ತಕಗಳಲ್ಲಿ ಇದೇ ಒಕ್ಕೂಟವನ್ನು ಇರೊಕ್ವಾ ಎನ್ನುತ್ತಾರೆ. ಆಗ ಶಾಲೆಗೆ ಹೋದ ಮಕ್ಕಳನ್ನು ಕಳಿಸಿದವರು ಅವರ ತಂದೆತಾಯಿಯರು ಮತ್ತು ಬಳಿಯ, ಅಂದರೆ ಕುಲದ, ಹಿರಿಯರು. ಹಾಗಾದರೆ ಏಕೆ ಕಳಿಸಿದರು, ಏಕೆ ಹಿಂದಕ್ಕೆ ಕರೆಸಿಕೊಂಡರು ಎಂಬುದೇ ನಿಜವಾದ ಪ್ರಶ್ನೆ.

ಒನೈಡಾ ಜನ ತಮ್ಮನ್ನು ಕರೆದುಕೊಳ್ಳುವ ಹೆಸರಿನ ಅರ್ಥ ನಿಂತ ಕಲ್ಲಿನ ಜನ ಎಂದು. ನಮ್ಮ ಹಳೆಯ ಮಾತಿನಲ್ಲಿ ನಿಲಿಸುಗಲ್ಲಿನ ಜನ ಎನ್ನಬಹುದು. ಮಗು ತಾಯಿಯ ಬಳಿಗೆ ಸೇರಿದ್ದು, ತೋಳ, ಆಮೆ, ಕರಡಿ ಎಂದು ಮೂರು ಬಳಿಗಳು. ಹೊಲದ ಒಡೆತನ ಹೆಂಗಸರದು. ಜೋಳ, ಬೀನ್ಸ್, ಕುಂಬಳವನ್ನು ಒಂದೇ ಮಣ್ಣಿನ ಗುಡ್ಡೆಯ ಮೇಲೆ ಬೆಳೆಯುತ್ತಿದ್ದವರು ಅವರು. ಇಲ್ಲಿ ಜೋಳವೆಂದರೆ ಮುಸುಕಿನ ಜೋಳ. ಗಂಡಸರದು ಬೇಟೆ, ಯುದ್ಧ, ರಾಯಭಾರ. ಮಕ್ಕಳನ್ನು ಹೊಡೆಯುವುದು ಅವರಲ್ಲಿ ನಾಚಿಕೆಯ ಕೆಲಸವಾಗಿತ್ತು. ತೀರಾ ಹಟ ಮಾಡಿದ ಮಗುವಿನ ಮುಖಕ್ಕೆ ನೀರು ಎರಚುವುದು ದೊಡ್ಡ ಶಿಕ್ಷೆ. ಮುಂದೆ ನಡೆದದ್ದೆಲ್ಲ ಅರ್ಥವಾಗಬೇಕಾದರೆ ಈ ಹೊಲದ ಮಾತನ್ನೂ ಹೊಡೆತದ ಮಾತನ್ನೂ ನೆನಪಿನಲ್ಲಿಟ್ಟುಕೊಳ್ಳಬೇಕು.

ಪಾದ್ರಿಗಳು ಅವರಿಗೆ ಹೊಸಬರೂ ಆಗಿರಲಿಲ್ಲ. ಫ್ರೆಂಚ್ ಜೆಸ್ವಿಟ್ ಪಾದ್ರಿ ಜಾಕ್ ಬ್ರುಯಾಸ್ 1667ರಲ್ಲಿಯೇ ಒನೈಡಾಗಳ ನಡುವೆ ಬಂದಿದ್ದ. 1689ರಲ್ಲಿ ಸೆರೆಸಿಕ್ಕ ಪಿಯೇರ್ ಮಿಲೆ ಎಂಬ ಇನ್ನೊಬ್ಬ ಜೆಸ್ವಿಟ್ ಐದು ವರ್ಷ ಅವರೊಡನೆ, ಅವರಲ್ಲೊಬ್ಬನಾಗಿ ಬದುಕಿದ. ಈ ಪಾದ್ರಿಗಳು ಅವರ ಭಾಷೆ ಕಲಿತು ಅವರ ಭಾಷೆಯಲ್ಲೇ ಮಾತನಾಡಿದರು. 1753ರಲ್ಲಿ ಗಿಡಿಯನ್ ಹಾಲಿ ಎಂಬ ನ್ಯೂ ಇಂಗ್ಲೆಂಡಿನ ಪಾದ್ರಿ ಸಸ್ಕ್ವೆಹಾನ ನದಿಯ ಮೇಲಿನ ಒನಕ್ವಾಗಾ ಊರಿಗೆ ಬಂದ. ಯುದ್ಧ ಹತ್ತಿರವಾಗಿ 1756ರಲ್ಲಿ ಬಿಟ್ಟು ಹೊರಟ. ಅವನು ಹೋದರೂ ಅಲ್ಲಿ ಪ್ರಾರ್ಥನೆ ನಿಲ್ಲಲಿಲ್ಲ. ಗುಡ್ ಪೀಟರ್ ಎಂದು ಹೆಸರಾದ ಒನೈಡಾ ಮುಖಂಡ ತನ್ನ ಜನರಿಗೆ ತನ್ನ ಭಾಷೆಯಲ್ಲಿ ತಾನೇ ಬೋಧಿಸುತ್ತಿದ್ದ. ಹೊಸ ಧರ್ಮವನ್ನು ತಮ್ಮ ಕೈಯಲ್ಲಿ ಹಿಡಿದು ತಮಗೆ ಬೇಕಾದಂತೆ ನಡೆಸಿಕೊಂಡವರಿಗೆ ಅದು ಹೇರಿಕೆಯೆಂದು ಅನ್ನಿಸಿರಲಿಲ್ಲ.

ಇಂಗ್ಲಿಷರೂ ಫ್ರೆಂಚರೂ ಕಾದಾಡಿದ ಏಳು ವರ್ಷಗಳ ಯುದ್ಧ ಮುಗಿಯುವ ಹೊತ್ತಿಗೆ ಪರಿಸ್ಥಿತಿ ಬದಲಾಗಿತ್ತು. ಫ್ರೆಂಚರು ಸೋತರು; ಇಬ್ಬರ ನಡುವೆ ತೂಗಿ ನಡೆಯುವ ಅನುಕೂಲ ಹೋಯಿತು. ಬೇಟೆ ತೆಳುವಾಯಿತು, ವ್ಯಾಪಾರಿಗಳ ರಮ್ ಊರೊಳಗೆ ಹೊಕ್ಕಿತು, ಪೂರ್ವದಿಂದ ವಲಸೆಗಾರರು ಒತ್ತಿ ಬರುತ್ತಿದ್ದರು. ಕಾಗದದ ಮೇಲೆ ಗುರುತು ಹಾಕಿಸಿಕೊಂಡು ಭೂಮಿ ಬರೆಸಿಕೊಳ್ಳುವುದನ್ನು ಅವರು ನೆರೆಯ ಮೊಹಾಕರ ಪಾಡಿನಲ್ಲಿ ಕಣ್ಣಾರೆ ಕಂಡಿದ್ದರು. ಓದು ಬಲ್ಲ ನಮ್ಮವನೊಬ್ಬನಿದ್ದರೆ ಆ ಕಾಗದದಲ್ಲಿ ಏನಿದೆಯೆಂದು ಹೇಳಿಯಾನು ಎಂಬ ಆಸೆ ಹುಟ್ಟಿದರೆ ಆಶ್ಚರ್ಯವಿಲ್ಲ. ನಮ್ಮ ಹಳ್ಳಿಗಳಲ್ಲಿ ಹೆಬ್ಬೆಟ್ಟಿನ ಗುರುತಿಗೆ ಹೊಲ ಕಳೆದುಕೊಂಡ ಮನೆಯವರು ಮಗನನ್ನು ಶಾಲೆಗೆ ಹಾಕಿದ ಕಥೆ ನಿಮಗೂ ಗೊತ್ತಿರಬೇಕು.

ಇದೇ ಹೊತ್ತಿಗೆ ಕನೆಟಿಕಟ್‌ನ ಲೆಬನನ್ ಎಂಬ ಊರಿನಲ್ಲಿ ಎಲಿಯೇಜರ್ ವೀಲಾಕ್ ಎಂಬ ಪಾದ್ರಿ ಒಂದು ವಸತಿ ಶಾಲೆ ನಡೆಸುತ್ತಿದ್ದ. 1754ರಲ್ಲಿ ಇಬ್ಬರು ಡೆಲವೇರ್ ಹುಡುಗರಿಂದ ಆರಂಭವಾದ ಅದಕ್ಕೆ ಮೂರ್ಸ್ ಇಂಡಿಯನ್ ಚಾರಿಟಿ ಸ್ಕೂಲ್ ಎಂದು ಹೆಸರು. ಮೊಹೀಗನ್ ಜನಾಂಗದ ಸ್ಯಾಮ್ಸನ್ ಆಕಮ್ ಅದಕ್ಕೂ ಮೊದಲೇ, 1743ರಲ್ಲಿ, ವೀಲಾಕನ ಮನೆಗೆ ಓದಲು ಬಂದು ಪಾದ್ರಿಯೇ ಆಗಿದ್ದ. ಅವನ ಯಶಸ್ಸೇ ವೀಲಾಕನಿಗೆ ಶಾಲೆಯ ಯೋಚನೆ ಹುಟ್ಟಿಸಿತು. ಮಕ್ಕಳನ್ನು ತಂದೆತಾಯಿಯರ ನಡವಳಿಕೆಯ ಕೆಟ್ಟ ಪ್ರಭಾವದಿಂದ ದೂರ ತಂದು ಬೆಳೆಸಬೇಕು ಎಂದು ಅವನು ಅಚ್ಚಿನಲ್ಲೇ ಬರೆದ. ಮೂಲನಿವಾಸಿ ಬೋಧಕನಿಗೆ ಇಂಗ್ಲಿಷ್ ಬೋಧಕನ ಅರ್ಧದಷ್ಟು ಖರ್ಚೂ ತಗಲುವುದಿಲ್ಲ ಎಂದೂ ಲೆಕ್ಕ ಹೇಳಿದ. ಈ ಎರಡು ಮಾತುಗಳಲ್ಲಿ ಇಡೀ ಯೋಜನೆಯ ಒಳಗುಟ್ಟಿದೆ. ಅಂತಹ ಯೋಜನೆಯೊಳಗೆ ನಿಜವಾದ ಕರುಣೆಯೂ ಇರಬಹುದು, ಇತ್ತೂ ಸಹ. ಆದರೆ ತಾಯಿಯನ್ನೇ ರೋಗವೆಂದು ಎಣಿಸುವ ಶಾಲೆಯಲ್ಲಿ ಮಗು ಎಷ್ಟು ದಿನ ನೆಮ್ಮದಿಯಾಗಿದ್ದೀತು?

ಆಕಮ್ 1761ರಿಂದ ಮೂರು ಬೇಸಿಗೆ ಒನೈಡಾಗಳ ನಡುವೆ ಹೋಗಿಬಂದ. 1765ರ ಬೇಸಿಗೆಯಲ್ಲಿ ಅವನ ಭಾವಮೈದುನ, ಲಾಂಗ್ ಐಲೆಂಡಿನ ಮೊಂಟಾಕೆಟ್ ಜನಾಂಗದ ಡೇವಿಡ್ ಫೌಲರ್, ಒನೈಡಾಗಳ ಮುಖ್ಯ ಊರಾದ ಕಾನೊನ್ವಲೊಹಾಲೆಯಲ್ಲಿ ಮೇಷ್ಟ್ರಾಗಿ ಶಾಲೆ ತೆರೆದ. ನಿಮ್ಮ ಮಗಳಿಗೆ ನಾನು ಮೊದಲು ತೋರಿಸಬೇಕೆಂದಿರುವುದು ಆ ಜೂನ್ ತಿಂಗಳಲ್ಲಿ ಅವನು ವೀಲಾಕನಿಗೆ ಬರೆದ ಪತ್ರವನ್ನು. ಹನ್ನೊಂದು ಮಕ್ಕಳು ‘ಎ-ಬಿ, ಆಬ್’ ಎಂಬ ಕಾಗುಣಿತಕ್ಕೆ ಬಂದಿದ್ದಾರೆ, ಇನ್ನು ಮೂವರು ಈ ವಾರ ಅಲ್ಲಿಗೆ ತಲುಪುತ್ತಾರೆ, ಕೆಲವರು ಆರನೆಯ ಪುಟ ಮುಟ್ಟಿದ್ದಾರೆ ಎಂದು ಹೊಸ ಮೇಷ್ಟ್ರ ಹಿಗ್ಗಿನಿಂದ ಬರೆಯುತ್ತಾನೆ. ಮರುಸಾಲಿನಲ್ಲೇ ಸಂಕಟ: ಇವರು ಒಂದೆಡೆ ನಿಲ್ಲಲಾರರು, ಹೊಟ್ಟೆಪಾಡಿಗಾಗಿ ಸದಾ ಅಲ್ಲಿಂದಿಲ್ಲಿಗೆ ಅಲೆಯುತ್ತಿರುತ್ತಾರೆ, ಊರಿನಲ್ಲಿ ಆಹಾರಕ್ಕೆ ಬಹಳ ಅಭಾವ. ಹಾಡುವುದನ್ನೂ ಕಲಿಸಿದ, ಅದರಲ್ಲಿ ಜನ ಬಹಳ ಸಂತೋಷಪಟ್ಟರು, ಕೆಲವೇ ದಿನಗಳಲ್ಲಿ ಹಲವು ರಾಗಗಳನ್ನು ಮೂರು ದನಿಗಳಲ್ಲಿ ಹಾಡುವಂತಾದರು.

ಆ ‘ಆಬ್’ ಎಂಬ ಪುಟ್ಟ ಪದದ ಮೇಲೆ ಒಂದು ಕ್ಷಣ ನಿಲ್ಲುತ್ತೇನೆ. ಒನೈಡಾ ಭಾಷೆಯಲ್ಲಿ ಪ, ಬ, ಮ ಎಂಬ ತುಟಿ ಕೂಡಿಸುವ ಧ್ವನಿಗಳೇ ಇಲ್ಲ. ಅಪ್ಪ, ಅಮ್ಮ ಎಂದು ತುಟಿ ಕೂಡಿಸಿಯೇ ಮಾತು ಕಲಿಯುವ ನಮಗೆ ಇದನ್ನು ಕಲ್ಪಿಸಿಕೊಳ್ಳುವುದೂ ಕಷ್ಟ. ಅಂದರೆ ಇಂಗ್ಲಿಷ್ ಕಾಗುಣಿತದ ಮೊದಲ ಸಾಲೇ ಆ ಮಕ್ಕಳ ಬಾಯಿಗೆ ಅಪರಿಚಿತವಾದ ಧ್ವನಿಯಿಂದ ಶುರುವಾಗುತ್ತಿತ್ತು. ಮೇಷ್ಟ್ರಿಗಾದರೂ ಅವರ ಭಾಷೆ ಬರುತ್ತಿತ್ತೇ ಎಂದರೆ, ಮೊಂಟಾಕೆಟ್ ಭಾಷೆ ಸಂಪೂರ್ಣ ಬೇರೆಯ ಕುಟುಂಬಕ್ಕೆ ಸೇರಿದ್ದು. ವೀಲಾಕನ ಕಣ್ಣಿಗೆ ಇಬ್ಬರೂ ‘ಇಂಡಿಯನ್ನರು’, ಆದರೆ ಫೌಲರನ ಮಾತಿಗೂ ಒನೈಡಾ ಮಾತಿಗೂ ಇರುವ ದೂರ ಕನ್ನಡಕ್ಕೂ ಕಾಶ್ಮೀರಿಗೂ ಇರುವ ದೂರಕ್ಕಿಂತ ಕಡಿಮೆಯೇನಲ್ಲ. ಇಷ್ಟೆಲ್ಲದರ ನಡುವೆ ಆ ಮಕ್ಕಳು ಆರನೆಯ ಪುಟ ಮುಟ್ಟಿದ್ದರೆ ಅದು ಮಕ್ಕಳ ಹಿರಿಮೆ, ಫೌಲರನ ಹಿರಿಮೆ. ಬುದ್ಧಿ ಸಾಲದ್ದರಿಂದ ಶಾಲೆ ಸೋತಿತು ಎಂದು ಹಳೆಯ ಪುಸ್ತಕಗಳಲ್ಲಿ ಬರುವ ಮಾತು ತೀರಾ ತಪ್ಪು. ಹಸಿವು, ಬೇಟೆಯ ಋತು, ಪರಭಾಷೆ ಇವು ಸೋಲಿಸಿದವು.

ಊರಿನೊಳಗಿನ ಶಾಲೆಯ ಕಷ್ಟ ಇದಾದರೆ, ಲೆಬನನ್‌ನ ವಸತಿ ಶಾಲೆಯ ಕಷ್ಟ ಇನ್ನೊಂದು ಬಗೆಯದು. ಅಲ್ಲಿ ಹುಡುಗರಿಗೆ ಇಂಗ್ಲಿಷ್, ಲ್ಯಾಟಿನ್, ಗ್ರೀಕ್ ಕಲಿಸುತ್ತಿದ್ದರು, ಜೊತೆಗೆ ವೀಲಾಕನ ಹೊಲದಲ್ಲಿ ದುಡಿಸುತ್ತಿದ್ದರು. ಹುಡುಗಿಯರು ಅಕ್ಕಪಕ್ಕದ ಇಂಗ್ಲಿಷ್ ಮನೆಗಳಲ್ಲಿ ಮನೆಗೆಲಸ ಕಲಿಯುತ್ತಾ ವಾರಕ್ಕೆ ಒಂದು ದಿನ ಮಾತ್ರ ಪಾಠಕ್ಕೆ ಬರುತ್ತಿದ್ದರು. ಹೊಲ ಹೆಂಗಸರ ಕ್ಷೇತ್ರವಾಗಿದ್ದ ಸಮಾಜದ ಹುಡುಗನ ಕೈಗೆ ಗುದ್ದಲಿ ಕೊಟ್ಟು, ಹೊಲದೊಡತಿಯಾಗಬೇಕಾದ ಹುಡುಗಿಯನ್ನು ಪರರ ಅಡುಗೆಮನೆಗೆ ಕಳಿಸಿದರೆ, ಇಬ್ಬರೂ ಊರಿಗೆ ಮರಳಿದಾಗ ಅವರಿಗೆ ಯಾವ ಜಾಗ ಉಳಿಯಿತು ಎಂಬುದನ್ನು ಯಾರೂ ಯೋಚಿಸಿರಲಿಲ್ಲ. ತಂದೆತಾಯಿಯರು ಸುಮ್ಮನಿರಲಿಲ್ಲ. ನ್ಯಾರಗನ್ಸೆಟ್ ಜನಾಂಗದ ಒಬ್ಬ ತಂದೆ 1767ರಲ್ಲಿ ವೀಲಾಕನಿಗೆ ಬರೆದ ಪತ್ರದ ಸಾರ ಹೀಗಿದೆ: ನಿನಗೆ ಕೆಲಸ ಮಿತಿಮೀರಿದಾಗ ನನ್ನ ಮಗ ಸ್ವಲ್ಪ ಕೈಗೂಡಿಸಲಿ, ಅದಕ್ಕೆ ನನ್ನ ಅಡ್ಡಿಯಿಲ್ಲ, ಆದರೆ ಬೇಸಾಯ ಕಲಿಯುವುದಕ್ಕೆಂದು ಎರಡು ವರ್ಷ ದುಡಿಯಬೇಕೆಂದರೆ ಒಪ್ಪಲಾರೆ, ಅದನ್ನು ನಾನೇ ಕಲಿಸಬಲ್ಲೆ, ಅವನ ದುಡಿಮೆಯ ಫಲವೂ ನನ್ನ ಮನೆಗೇ ಬರುತ್ತದೆ. ಇಷ್ಟು ನೇರವಾಗಿ, ಇಷ್ಟು ಮರ್ಯಾದೆಯಿಂದ ಬರೆದ ಪೋಷಕರ ಪತ್ರವನ್ನು ನಾನು ಬೇರೆಲ್ಲೂ ಓದಿಲ್ಲ.

ಒನೈಡಾಗಳು 1769ರಲ್ಲಿ ತಮ್ಮ ಮಕ್ಕಳನ್ನು ಲೆಬನನ್‌ನಿಂದ ವಾಪಸು ಕರೆಸಿಕೊಂಡರು. ಕಾರಣಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಅದರ ಹಿಂದಿನ ವರ್ಷ, 1768ರಲ್ಲಿ, ಫೋರ್ಟ್ ಸ್ಟ್ಯಾನ್‌ವಿಕ್ಸ್‌ನಲ್ಲಿ ಬ್ರಿಟಿಷರೊಡನೆ ಭೂಮಿಯ ಗಡಿ ಗುರುತಿಸುವ ದೊಡ್ಡ ಒಪ್ಪಂದ ನಡೆದಾಗ ವೀಲಾಕನ ಕಡೆಯವರು ನಡುವೆ ಕೈಹಾಕಿ, ಮೂಲನಿವಾಸಿ ವ್ಯವಹಾರಗಳ ಬ್ರಿಟಿಷ್ ಅಧಿಕಾರಿ ಸರ್ ವಿಲಿಯಂ ಜಾನ್ಸನ್‌ನ ಸಿಟ್ಟಿಗೆ ಗುರಿಯಾಗಿದ್ದರು. ಶಾಲೆ ರಾಜಕೀಯದ ಸುಳಿಗೆ ಸಿಕ್ಕಿತ್ತು. ಅದಕ್ಕಿಂತ ಆಳವಾದದ್ದು ಮಕ್ಕಳನ್ನು ನಡೆಸಿಕೊಂಡ ರೀತಿ. 1772ರಲ್ಲಿ ವೀಲಾಕನ ಮಗನ ನಡತೆಯ ಕುರಿತು ಒನೊಂಡಾಗ ಸಭೆಯ ಹಿರಿಯರು ಹೇಳಿ ಕಳಿಸಿದ ಮಾತು ದಾಖಲೆಯಾಗಿದೆ. ನಿಮ್ಮ ಪಾಠದ ರೀತಿ ನಮಗೆ ಗೊತ್ತಿಲ್ಲವೆಂದು ತಿಳಿಯಬೇಡ, ಒನೈಡಾದಲ್ಲಿ, ಮೊಹಾಕರಲ್ಲಿ, ನ್ಯೂ ಇಂಗ್ಲೆಂಡಿನಲ್ಲಿ ನೀವು ಮಾಡಿದ್ದೆಲ್ಲ ನಮ್ಮ ಸಭೆಗೆ ಬಂದು ಮುಟ್ಟುತ್ತದೆ ಎಂದರು; ಮಕ್ಕಳಿಗೆ ನಿಮ್ಮ ಭಾಷೆ ತಿಳಿಯುವ ಮೊದಲೇ ಗದರುತ್ತೀರಿ ಎಂದರು; ಫ್ರೆಂಚ್ ಪಾದ್ರಿಗಳನ್ನು ನೋಡಿ ಕಲಿ, ಅವರು ಒರಟಾಗಿ ಮಾತನಾಡುವುದಿಲ್ಲ, ಸಣ್ಣ ತಪ್ಪಿಗೆಲ್ಲ ದೊಣ್ಣೆ ಎತ್ತುವುದಿಲ್ಲ ಎಂದರು. ಮೂರು ಕಡೆಯ ಅನುಭವ ಒಟ್ಟುಗೂಡಿಸಿ, ಫ್ರೆಂಚ್ ಪಾದ್ರಿಗಳೊಡನೆ ಹೋಲಿಸಿ ಕೊಟ್ಟ ತೀರ್ಪು ಅದು. ನಮ್ಮ ಕಾಲದಲ್ಲಾದರೆ ಶಾಲಾ ತನಿಖಾ ವರದಿ ಎನ್ನುತ್ತಿದ್ದೆವು.

ದುಡ್ಡಿನ ವಿಷಯವನ್ನೂ ಹೇಳಬೇಕು, ಏಕೆಂದರೆ ಮಕ್ಕಳು ಬರೆಯುವ ಪ್ರಬಂಧಗಳಲ್ಲಿ ಇದು ಬಿಟ್ಟುಹೋಗುತ್ತದೆ. 1765ರ ಕೊನೆಗೆ ಆಕಮ್, ನಥೇನಿಯಲ್ ವಿಟೇಕರ್ ಎಂಬ ಪಾದ್ರಿಯೊಡನೆ ಬ್ರಿಟನ್ನಿಗೆ ಹಡಗು ಹತ್ತಿ, 1768ರವರೆಗೆ ಊರೂರು ತಿರುಗಿ ಮುನ್ನೂರಕ್ಕೂ ಹೆಚ್ಚು ಪ್ರವಚನ ಮಾಡಿ, ಮೂಲನಿವಾಸಿ ಮಕ್ಕಳ ಶಾಲೆಗೆಂದು ಸುಮಾರು 12,000 ಪೌಂಡು ಕೂಡಿಸಿ ತಂದ. ಅಂದಿಗೆ ಅದು ಅಪಾರ ಹಣ. ತಿರುಗಿ ಬಂದು ನೋಡಿದರೆ, ನೋಡಿಕೊಳ್ಳುತ್ತೇನೆಂದು ವೀಲಾಕ್ ಮಾತುಕೊಟ್ಟಿದ್ದ ಅವನ ಹೆಂಡತಿ ಮಕ್ಕಳು ಬಡತನದಲ್ಲಿದ್ದರು. ವೀಲಾಕ್ ಶಾಲೆಯನ್ನು ಒನೈಡಾ ಸೀಮೆಯಿಂದ ಬಹುದೂರದ ನ್ಯೂ ಹ್ಯಾಂಪ್‌ಶೈರಿನ ಹ್ಯಾನೋವರಿಗೆ ಒಯ್ದು, 1769ರ ಸನ್ನದಿನ ಮೇಲೆ ಡಾರ್ಟ್‌ಮತ್ ಕಾಲೇಜು ಕಟ್ಟಿದ. ಅಲ್ಲಿ ಓದಿದವರು ಬಹುಪಾಲು ಇಂಗ್ಲಿಷ್ ಮನೆತನಗಳ ಹುಡುಗರು. ವಿದ್ಯಾಲಯವನ್ನು ಲ್ಯಾಟಿನ್ನಿನಲ್ಲಿ ‘ಆಲ್ಮಾ ಮಾಟರ್’, ಪೊರೆಯುವ ತಾಯಿ ಎನ್ನುತ್ತಾರಲ್ಲ, ಇದು ಕಂದು ಮಕ್ಕಳಿಗೆ ಹಾಲೂಡಿಸಲಾರದಷ್ಟು ‘ಆಲ್ಬಾ ಮಾಟರ್’, ಬಿಳಿಯ ತಾಯಿ ಆದೀತೆಂಬ ಶಂಕೆ ನನಗಿದೆ ಎಂದು ಆಕಮ್ 1771ರಲ್ಲಿ ತನ್ನ ಗುರುವಿಗೇ ಬರೆದ. ಗುರು ಕಲಿಸಿದ ಲ್ಯಾಟಿನ್ನಿನಲ್ಲೇ ಗುರುವಿನ ತಪ್ಪು ತೋರಿಸಿದ ಆ ಸಾಲನ್ನು ಓದುವಾಗೆಲ್ಲ ನನಗೆ ಎದೆ ಭಾರವಾಗುತ್ತದೆ. ಮೊದಲ ಇನ್ನೂರು ವರ್ಷಗಳಲ್ಲಿ ಆ ಕಾಲೇಜಿನಿಂದ ಪದವಿ ಪಡೆದ ಮೂಲನಿವಾಸಿಗಳ ಸಂಖ್ಯೆ ಇಪ್ಪತ್ತನ್ನೂ ಮುಟ್ಟಲಿಲ್ಲ. 1970ರಿಂದೀಚೆಗೆ ಕಾಲೇಜು ತನ್ನ ಮೂಲ ಮಾತಿಗೆ ಮರಳಲು ಯತ್ನಿಸಿದೆ. 2022ರಲ್ಲಿ ಆಕಮ್‌ನ ಕಾಗದಪತ್ರಗಳನ್ನು ಮೊಹೀಗನ್ ಜನಾಂಗಕ್ಕೆ ಹಿಂದಿರುಗಿಸಿತು.

ಹಾಗೆಂದು ಎಲ್ಲ ಪಾದ್ರಿಗಳೂ ಒಂದೇ ಅಚ್ಚಿನವರಾಗಿರಲಿಲ್ಲ. ವೀಲಾಕನ ಶಿಷ್ಯನೇ ಆದ ಸ್ಯಾಮ್ಯುಯೆಲ್ ಕರ್ಕ್‌ಲ್ಯಾಂಡ್ 1766ರಲ್ಲಿ ಕಾನೊನ್ವಲೊಹಾಲೆಗೆ ಬಂದು, ಅಲ್ಲಿಯೇ ಗುಡಿಸಲು ಹಾಕಿ, ಅವರ ಭಾಷೆ ಕಲಿತು, ಅವರ ಹಸಿವನ್ನು ಹಂಚಿಕೊಂಡು ಉಳಿದ. 1770ರ ಹೊತ್ತಿಗೆ ಗುರುವಿನಿಂದ ದೂರ ಸರಿದ. ರಮ್ ವಿರುದ್ಧ ಅವನು ಊರನ್ನು ಒಗ್ಗೂಡಿಸಿದ್ದು ಜನರಿಗೆ ಮೆಚ್ಚುಗೆಯಾಯಿತು. ಸ್ಕೆನಾಂಡೋವಾ ಎಂಬ ಮುಖಂಡ ಕೊನೆಯವರೆಗೂ ಅವನ ಗೆಳೆಯ. ಇಬ್ಬರ ಸಮಾಧಿಗಳೂ ಇಂದು ಅಕ್ಕಪಕ್ಕದಲ್ಲಿವೆ. ಆದರೆ ಕರ್ಕ್‌ಲ್ಯಾಂಡ್‌ನ ಬೆಂಬಲಿಗರಲ್ಲಿ ಹೆಚ್ಚಿನವರು ಯೋಧರು ಮತ್ತು ಹೆಂಗಸರು. ವಂಶಪಾರಂಪರ್ಯದ ಮುಖಂಡರಲ್ಲಿ ಹಲವರು ದೂರ ನಿಂತರು, ಊರು ಎರಡು ಪಂಗಡವಾಯಿತು. ಬ್ರಿಟಿಷರ ವಿರುದ್ಧ ಅಮೆರಿಕನ್ನರು ಹೂಡಿದ ಕ್ರಾಂತಿಯುದ್ಧದಲ್ಲಿ ಒನೈಡಾಗಳು ಹೆಚ್ಚಾಗಿ ಅಮೆರಿಕನ್ನರ ಪಕ್ಷ ಹಿಡಿದದ್ದರಲ್ಲಿ ಅವನ ಪಾತ್ರವಿತ್ತು. ಬ್ರಿಟಿಷ್ ಪಕ್ಷದ ದಾಳಿಯಲ್ಲಿ 1780ರಲ್ಲಿ ಕಾನೊನ್ವಲೊಹಾಲೆ ಸುಟ್ಟುಹೋಯಿತು. ಆ ದಾಳಿಯ ಮುಂದಾಳು ಮೊಹಾಕ್ ಜನಾಂಗದ ಜೋಸೆಫ್ ಬ್ರಾಂಟ್, ಅವನೂ ವೀಲಾಕನ ಶಾಲೆಯಲ್ಲಿ ಓದಿದವನೇ.

ಯುದ್ಧ ಗೆದ್ದ ಪಕ್ಷದಲ್ಲಿದ್ದರೂ ಒನೈಡಾಗಳ ಭೂಮಿ ಉಳಿಯಲಿಲ್ಲ. ಸುಮಾರು 60 ಲಕ್ಷ ಎಕರೆಯಿದ್ದ ನೆಲದಲ್ಲಿ, 1788ರಲ್ಲಿ ನ್ಯೂಯಾರ್ಕ್ ರಾಜ್ಯ ಮಾಡಿಕೊಂಡ ಒಪ್ಪಂದದ ನಂತರ ಅವರಿಗೆಂದು ಉಳಿದದ್ದು ಸುಮಾರು 3 ಲಕ್ಷ ಎಕರೆ. 1920ರ ಹೊತ್ತಿಗೆ ಉಳಿದದ್ದು 32 ಎಕರೆ. ಅದೇ 1788ರ ಸುಮಾರಿಗೆ ಕರ್ಕ್‌ಲ್ಯಾಂಡ್‌ಗೆ ಸಾವಿರಾರು ಎಕರೆ ದೊರೆಯಿತು. ಆ ನೆಲದ ಮೇಲೆ 1793ರಲ್ಲಿ ಒನೈಡಾ ಮತ್ತು ಬಿಳಿಯ ಮಕ್ಕಳು ಒಟ್ಟಿಗೆ ಕಲಿಯಲೆಂದು ಹ್ಯಾಮಿಲ್ಟನ್-ಒನೈಡಾ ಅಕಾಡೆಮಿ ಸ್ಥಾಪಿಸಿದ; ಒನೈಡಾ ಮಕ್ಕಳು ಬೆರಳೆಣಿಕೆಯಷ್ಟು ಮಂದಿಯೂ ಹೆಚ್ಚು ಕಾಲ ನಿಲ್ಲಲಿಲ್ಲ, 1812ರಲ್ಲಿ ಅದು ಹ್ಯಾಮಿಲ್ಟನ್ ಕಾಲೇಜಾಯಿತು. ಅವನನ್ನು ಕಪಟಿ ಎನ್ನಲು ನನಗೆ ಮನಸ್ಸು ಬಾರದು. ನಲವತ್ತು ವರ್ಷ ಜೊತೆಗಿದ್ದ ಮನುಷ್ಯ. ಆದರೆ ಭೂಮಿಯನ್ನು ಉಳಿಸಿಕೊಳ್ಳಲೆಂದು ಅಕ್ಷರ ಬೇಡಿದ ಜನರ ಭೂಮಿಯೇ ಅಕ್ಷರ ಕೊಡಲು ಬಂದವನ ಹೆಸರಿಗೂ ಬಂದದ್ದನ್ನು ಅವನ ಒಳ್ಳೆಯತನ ಅಳಿಸಲಾರದು.

ಇನ್ನು ಗೋಡೆಯ ಮೇಲಿನ ಮಾತು. ಅದನ್ನು ಹೇಳಿದನೆನ್ನುವ ಕಾನಸತೇಗೊ ಒನೊಂಡಾಗ ಜನಾಂಗದವನು, ಒಕ್ಕೂಟದ ಪರವಾಗಿ ಮಾತನಾಡಿದವನು. ಸಂದರ್ಭ 1744ರ ಲ್ಯಾಂಕಾಸ್ಟರ್ ಒಪ್ಪಂದ. ವರ್ಜೀನಿಯಾದವರು ಕೆಲವು ಹುಡುಗರನ್ನು ವಿಲಿಯಂ ಅಂಡ್ ಮೇರಿ ಕಾಲೇಜಿಗೆ ಕಳಿಸಿರೆಂದು ಕೇಳಿದ್ದು ನಿಜ, ಅವರು ಒಲ್ಲೆವೆಂದದ್ದೂ ನಿಜ. ಆದರೆ ‘ಗಂಡಸರನ್ನಾಗಿ ಮಾಡುತ್ತೇವೆ’ ಎಂಬ ರಂಜಕ ಭಾಷಣ ನಲವತ್ತು ವರ್ಷಗಳ ನಂತರ ಬೆಂಜಮಿನ್ ಫ್ರಾಂಕ್ಲಿನ್ ಬರೆದ ಪ್ರಬಂಧದಲ್ಲಿ ಬರುವುದು. ಒಪ್ಪಂದದ ನಡಾವಳಿಯಲ್ಲಿ ದಾಖಲಾದ ಉತ್ತರ ತೀರಾ ಸರಳ: ನಮ್ಮ ಮಕ್ಕಳ ಮೇಲೆ ನಮಗೆ ಬಹಳ ಪ್ರೀತಿ, ಅಷ್ಟು ದೂರ ಕಳಿಸಲಾರೆವು, ನಿಮ್ಮ ವಿದ್ಯೆ ಒಳ್ಳೆಯದೆಂದು ಒಪ್ಪುತ್ತೇವೆ, ಕರೆದದ್ದಕ್ಕೆ ಕೃತಜ್ಞರು, ಆದರೆ ನಮ್ಮ ಪದ್ಧತಿ ಬೇರೆ, ಮನ್ನಿಸಬೇಕು. ನನಗೆ ಫ್ರಾಂಕ್ಲಿನ್‌ನ ಭಾಷಣಕ್ಕಿಂತ ಈ ಉತ್ತರವೇ ಹೆಚ್ಚು ದೊಡ್ಡದಾಗಿ ಕಾಣುತ್ತದೆ. ಗೋಡೆಗೆ ಇದನ್ನು ಅಂಟಿಸಲು ಮಗಳಿಗೆ ಹೇಳಿ.

ಪ್ರಬಂಧಕ್ಕೆ ಅವಳ ಮುಂದೆ ಮೂರು ದಾರಿಗಳಿವೆ. ಪಾದ್ರಿಗಳ ಮತ್ತು ಮೇಷ್ಟ್ರುಗಳ ಪತ್ರಗಳನ್ನು ಹಿಡಿದು ಬರೆಯಬಹುದು. ಡಾರ್ಟ್‌ಮತ್ ಗ್ರಂಥಾಲಯ ಆಕಮ್ ಮತ್ತು ವೀಲಾಕರ ಪತ್ರಗಳನ್ನು ಡಿಜಿಟಲ್ ರೂಪದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ, ಹುಡುಕುವುದು ಸುಲಭ. ಇಲ್ಲಿರುವ ಅಪಾಯವೆಂದರೆ, ದೇಣಿಗೆ ಕೊಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಪತ್ರಗಳು ಯಶಸ್ಸನ್ನು ಹಿಗ್ಗಿಸುತ್ತವೆ, ಮಕ್ಕಳ ಪತ್ರಗಳಾದರೋ ಗುರುವಿಗೇ ಬರೆದವು; ಅವುಗಳಲ್ಲಿ ಬರುವ ಕ್ಷಮೆಯಾಚನೆಯ ಸಾಲುಗಳನ್ನು ಮಕ್ಕಳ ಒಳಗಿನ ಮಾತೆಂದು ತಕ್ಷಣ ನಂಬಬಾರದು. ಎರಡನೆಯ ದಾರಿ, ಒನೈಡಾ ಮತ್ತು ಒನೊಂಡಾಗ ಹಿರಿಯರ ಸಭಾ ಮಾತುಗಳನ್ನು ಹಿಡಿಯುವುದು. ಅವುಗಳನ್ನೂ ದುಭಾಷಿಗಳು ಕೇಳಿ, ಇಂಗ್ಲಿಷ್ ಬಲ್ಲವರು ಬರೆದುಕೊಂಡರು ಎಂಬುದನ್ನು ಮರೆತರೆ ಫ್ರಾಂಕ್ಲಿನ್‌ನ ಭಾಷಣದಂಥ ಹಳ್ಳಕ್ಕೆ ಬೀಳುತ್ತೇವೆ. ಆದರೂ ಪಾದ್ರಿಗಳು ತಮಗೆ ಕಹಿಯಾದ ಮಾತನ್ನು ತಾವೇ ದಾಖಲಿಸಿದ್ದರೆ ಅದಕ್ಕೆ ತೂಕ ಹೆಚ್ಚು. 1772ರ ಮಾತು ಅಂಥದ್ದು. ಮೂರನೆಯ ದಾರಿ, ಇಂದಿನ ಒನೈಡಾ ಜನರನ್ನೇ ಕೇಳುವುದು. ಅವರು ನ್ಯೂಯಾರ್ಕಿನಲ್ಲಿ, 1820ರ ದಶಕದಿಂದ ವಲಸೆ ಹೋದ ವಿಸ್ಕಾನ್ಸಿನ್‌ನಲ್ಲಿ, 1840ರ ಸುಮಾರಿಗೆ ನೆಲೆಸಿದ ಕೆನಡಾದ ಆಂಟೇರಿಯೊದಲ್ಲಿ ಇದ್ದಾರೆ. ತಮ್ಮ ಭಾಷೆಯನ್ನು ಮತ್ತೆ ಮಕ್ಕಳಿಗೆ ಕಲಿಸುತ್ತಿದ್ದಾರೆ. ಅವರು ಪ್ರಕಟಿಸಿರುವುದನ್ನು ಮೊದಲು ಓದದೆ, ಕಾರ್ಲೈಲ್ ಕಾಲದ ನೋವನ್ನು ಅಪರಿಚಿತ ಮನೆಯ ಹಿರಿಯರಿಂದ ಹೇಳಿಸಿಕೊಳ್ಳಲು ಹೋಗುವುದು ತಪ್ಪಾಗುತ್ತದೆ. ಅದು ಶಾಲೆಯ ಅಂಕಕ್ಕಾಗಿ ಗಾಯ ಕೆದಕಿದಂತೆ. ನನ್ನ ಸಲಹೆ, ಫೌಲರನ ಪತ್ರ ಮತ್ತು 1772ರ ಸಭೆಯ ಮಾತು, ಎರಡನ್ನು ಎದುರುಬದುರು ಇಟ್ಟು ಬರೆಯಲಿ. ಇನ್ನೊಂದು ಸಣ್ಣ ಮಾತು: ನಮ್ಮ ಹಳೆಯ ಪಠ್ಯಪುಸ್ತಕಗಳ ‘ರೆಡ್ ಇಂಡಿಯನ್’ ಎಂಬ ಪದ ಮನೆಯ ಮಾತಿನಲ್ಲೂ ಬೇಡ, ಒನೈಡಾ ಎಂದೇ ಕರೆಯಿರಿ.

ಅಜ್ಜನ ಶಾಲೆಯ ಮಾತು ತರಬಹುದೇ ಎಂದು ಕೇಳಿದ್ದೀರಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರೂ ಮತಾಂತರದ ಉದ್ದೇಶದಿಂದಲೇ ಬಂದವರು. ಆದರೆ ಅವರು ಕನ್ನಡ ಕಲಿತರು, ಕನ್ನಡದಲ್ಲಿ ಕಲಿಸಿದರು. 1843ರಲ್ಲಿ ಮೋಗ್ಲಿಂಗ್ ಮಂಗಳೂರ ಸಮಾಚಾರ ಪತ್ರಿಕೆ ತಂದ, 1894ರಲ್ಲಿ ಕಿಟ್ಟೆಲ್‌ನ ನಿಘಂಟು ಬಂತು. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಅಜ್ಜ ಸಂಜೆ ಶಾಲೆ ಬಿಟ್ಟು ಬರುವಾಗ ಊರು ಇದ್ದಲ್ಲೇ ಇತ್ತು, ಕನ್ನಡ ಮಾತನಾಡುವ ಲಕ್ಷಾಂತರ ಜನ ಸುತ್ತ ಇದ್ದರು, ಆ ನೆಲಕ್ಕೆ ಬಂದು ನೆಲೆಸಲು ಸಾಲುಗಟ್ಟಿ ನಿಂತ ವಲಸೆಗಾರರಿರಲಿಲ್ಲ. ಒನೈಡಾ ಹುಡುಗ ಲೆಬನನ್‌ನಿಂದ ತಿರುಗಿ ಬರುವಷ್ಟರಲ್ಲಿ ಅವನ ಬೇಟೆಯ ಕಾಡು ಇನ್ನೊಬ್ಬರ ಹೆಸರಿಗೆ ಹೋಗಿರುತ್ತಿತ್ತು. ಈ ವ್ಯತ್ಯಾಸವನ್ನು ಬರೆಯುವುದಾದರೆ ಅಜ್ಜನ ಮಾತು ಒಂದು ಪ್ಯಾರಾದಲ್ಲಿ ಬರಲಿ. ಬರೀ ಹೋಲಿಕೆಗೆಂದಾದರೆ ಬಿಡುವುದು ಮೇಲು, ಶಿಕ್ಷಕರು ಒನೈಡಾಗಳ ಕಥೆ ಕೇಳಿದ್ದಾರೆ.

ಜಾಗ ಉಳಿದರೆ ಅವಳು ಫೌಲರ್ ಮುಂದೇನಾದ ಎಂಬುದನ್ನೂ ಸೇರಿಸಲಿ. ನ್ಯೂ ಇಂಗ್ಲೆಂಡ್ ಮತ್ತು ಲಾಂಗ್ ಐಲೆಂಡಿನ ಕ್ರೈಸ್ತ ಮೂಲನಿವಾಸಿಗಳು ತಮ್ಮ ಊರುಗಳಲ್ಲಿ ನೆಲೆ ಕಳೆದುಕೊಳ್ಳುತ್ತಿದ್ದಾಗ, ವೀಲಾಕನ ಶಾಲೆಯಲ್ಲಿ ಓದಿದ ಮೊಹೀಗನ್ ತರುಣ ಜೋಸೆಫ್ ಜಾನ್ಸನ್ ಒನೈಡಾ ಸಭೆಯ ಮುಂದೆ ನಿಂತು ಜಾಗ ಕೇಳಿದ, ಒನೈಡಾಗಳು 1774ರಲ್ಲಿ ಭೂಮಿ ಕೊಟ್ಟರು. ಯುದ್ಧ ಮುಗಿದ ಮೇಲೆ ಅಲ್ಲಿ ಬ್ರದರ್‌ಟೌನ್ ಎಂಬ ಊರು ಎದ್ದಿತು. ಇಪ್ಪತ್ತು ವರ್ಷ ಹಿಂದೆ ಒನೈಡಾ ಮಕ್ಕಳಿಗೆ ‘ಆಬ್’ ಹೇಳಿಕೊಟ್ಟಿದ್ದ ಡೇವಿಡ್ ಫೌಲರ್ ಅಲ್ಲಿ ಮನೆ ಕಟ್ಟಿದವರಲ್ಲೊಬ್ಬ. ಉಳಿದ ಆಯುಷ್ಯವನ್ನೆಲ್ಲ ಅದೇ ಒನೈಡಾಗಳ ನೆರೆಯವನಾಗಿ ಕಳೆದ.